‘ಹೆಂಗಸರ ನೆನಪು ಗಟ್ಟಿ’ ಲೇಖನದ ಬಗ್ಗೆ ನಾಲ್ಕು ಮಾತು

ನಮಸ್ಕಾರ. ಮುಧೋಳದಿಂದ ನೀವು ಕಳಿಸಿದ ‘ಹೆಂಗಸರ ನೆನಪು ಗಟ್ಟಿ’ ಓದಿದೆವು. ಈಗಿದ್ದ ಹಾಗೇ ಪತ್ರಿಕೆಯಲ್ಲಿ ಹಾಕಲಿಕ್ಕೆ ಬರುವುದಿಲ್ಲ. ಆದರೆ ಒಗೆಯುವ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ.

ಮೊದಲ ಎರಡು ಪುಟ ಹಾರ್ಮೋನು, ಮೆದುಳಿನ ಗಾತ್ರ ಅಂತ ಹೋಗಿವೆ. ಪೂರ್ತಿ ತೆಗೆಯಿರಿ. ದೇಹಕ್ಕೆ ಪಾಲೇ ಇಲ್ಲ ಅಂತಲ್ಲ. ಹೆಣ್ಣಿನ ಹಾರ್ಮೋನು ಸ್ವೀಡನ್ನಿನಲ್ಲೂ ಅದೇ, ಸಿಂದಗಿಯಲ್ಲೂ ಅದೇ. ಗಂಡು-ಹೆಣ್ಣಿನ ನೆನಪಿನ ಅಂತರ ಮಾತ್ರ ಊರಿಂದೂರಿಗೆ ಬೇರೆ. ಯಾಕೆ ಬೇರೆ ಎಂಬುದೇ ನಿಮ್ಮ ವಿಷಯ. ಅದು ನಿಮ್ಮ ಲೇಖನದಲ್ಲಿ ಕೊನೆಯ ಪುಟಕ್ಕೆ ಬಂದು ಕೂತಿದೆ.

ಒಂದು ದೊಡ್ಡ ತಪ್ಪು: ‘ಹೆಂಗಸರು ಶೇ. 19ರಷ್ಟು ಹೆಚ್ಚು ನೆನಪಿಡುತ್ತಾರೆ’ ಅಂತ ಬರೆದಿದ್ದೀರಿ. ಈ 19 ಎಲ್ಲಿಂದ ಬಂತು ಅಂತ ಗೊತ್ತಾಯಿತು. 617 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಿಕ್ಕ ಸಂಖ್ಯೆ 0.19. ಅದು ಶೇಕಡಾ ಲೆಕ್ಕ ಅಲ್ಲ. ಎರಡು ಗುಂಪಿನ ಸರಾಸರಿಗಳ ವ್ಯತ್ಯಾಸವನ್ನು ಅಂಕಗಳ ಚದುರುವಿಕೆಯಿಂದ ಭಾಗಿಸಿದರೆ ಬರುವ ಅಳತೆ. ಓದುಗರಿಗೆ ಹೀಗೆ ಹೇಳಿ: ಒಬ್ಬ ಹೆಂಗಸು, ಒಬ್ಬ ಗಂಡಸು ಅಂತ ನೂರು ಜೋಡಿ ಕೂರಿಸಿದರೆ ಸುಮಾರು 55 ಜೋಡಿಯಲ್ಲಿ ಹೆಂಗಸು ಮುಂದೆ, 45ರಲ್ಲಿ ಗಂಡಸು ಮುಂದೆ. ಇಷ್ಟೇ. ಅದೂ ಎಲ್ಲ ನೆನಪಿಗೂ ಅಲ್ಲ. ಪದ, ಮುಖ, ವಾಸನೆಯಲ್ಲಿ ಹೆಂಗಸರು ಮುಂದೆ. ದಾರಿಯ ನೆನಪಿನಲ್ಲಿ ಗಂಡಸರು. ಬರೀ ‘ನೆನಪು’ ಅಂತ ಬರೆದ ಕಡೆಯಲ್ಲೆಲ್ಲ ಯಾವ ನೆನಪು ಅಂತ ಸೇರಿಸಿ.

‘ಸಮಾನತೆ ಬಂದರೆ ವ್ಯತ್ಯಾಸ ಅಳಿಯುತ್ತದೆ’ ಎಂಬ ನಿಮ್ಮ ವಾಕ್ಯ ಕೇಳಲಿಕ್ಕೆ ಚೆಂದ, ಅಂಕಿ-ಅಂಶ ಹಾಗೆ ಹೇಳುವುದಿಲ್ಲ. ಯುರೋಪಿನ 13 ದೇಶಗಳ ಸುಮಾರು 31 ಸಾವಿರ ಮಂದಿ, ಎಲ್ಲರೂ 50 ದಾಟಿದವರು. ಅವರ ಮೇಲಿನ ಅಧ್ಯಯನ 2014ರಲ್ಲಿ ಬಂತು. ಬದುಕು ಸುಧಾರಿಸಿದ, ಓದು ಹೆಚ್ಚಿದ ಕಡೆ ಲೆಕ್ಕ ಬಿಡಿಸುವುದರಲ್ಲಿ ಗಂಡಸರಿಗಿದ್ದ ಮುನ್ನಡೆ ಇಳಿದಿದೆ. ಪದದ ನೆನಪಿನಲ್ಲಿ ಹೆಂಗಸರ ಮುನ್ನಡೆ ಏರಿದೆ. ಒಂದು ಅಂತರ ಕುಗ್ಗಿದರೆ ಇನ್ನೊಂದು ಹಿಗ್ಗಿದೆ. ಮೊದಲು ಹಿಂದೆ ಉಳಿದವರಿಗೆ ಸುಧಾರಣೆಯ ಲಾಭ ಹೆಚ್ಚು ಸಿಕ್ಕಿತು ಎಂಬುದು ಆ ಸಂಶೋಧಕರ ವಿವರಣೆ. ವಿವರಣೆಯನ್ನು ವಿವರಣೆ ಅಂತಲೇ ಬರೆಯಿರಿ, ಸಾಬೀತಾಯಿತು ಅನ್ನಬೇಡಿ. ದೇಶ-ದೇಶ ಹೋಲಿಸಿದ ಲೆಕ್ಕದಲ್ಲಿ ಓದೇ ಕಾರಣವೋ, ಓದಿನ ಜತೆ ಬಂದ ನೌಕರಿ, ಆರೋಗ್ಯ, ಕಡಿಮೆ ಹೆರಿಗೆಗಳು ಕಾರಣವೋ ಬಿಡಿಸುವುದು ಕಷ್ಟ.

ನಮ್ಮ ಕಡೆಯದನ್ನು ನೀವು ಪೂರ್ತಿ ಬಿಟ್ಟಿದ್ದೀರಿ. 2010ರಲ್ಲಿ ಕರ್ನಾಟಕ, ಕೇರಳ, ಪಂಜಾಬ್, ರಾಜಸ್ಥಾನಗಳಲ್ಲಿ 45 ದಾಟಿದವರ ಪ್ರಾಯೋಗಿಕ ಸಮೀಕ್ಷೆ ನಡೆಯಿತು. ನೆನಪೂ ಸೇರಿದ ಪರೀಕ್ಷೆಗಳಲ್ಲಿ ಇಲ್ಲಿ ಹಿಂದೆ ಬಿದ್ದವರು ಹೆಂಗಸರು! ಓದು ಮೊದಲಾದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದಾಗ ದಕ್ಷಿಣದ ಎರಡು ರಾಜ್ಯಗಳಲ್ಲಿ ಆ ಅಂತರ ಉಳಿಯಲಿಲ್ಲ, ಉತ್ತರದಲ್ಲಿ ಉಳಿಯಿತು. ವಿಜಯಪುರ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಓದುಬರಹ ಬಲ್ಲ ಹೆಂಗಸರು ಸುಮಾರು ಶೇ. 57, ಗಂಡಸರು ಸುಮಾರು ಶೇ. 77. ಅಂಥ ಕಡೆ ಸಾಲಿ ಕಲಿತ ಗಂಡಸನ್ನೂ ಸಾಲಿ ಕಾಣದ ಹೆಂಗಸನ್ನೂ ಪಕ್ಕಪಕ್ಕ ಕೂರಿಸಿ ‘ಗಂಡು-ಹೆಣ್ಣಿನ ವ್ಯತ್ಯಾಸ’ ಅಂದರೆ ಅಳತೆಯಾದದ್ದು ಸಾಲಿಯೇ. ಅಷ್ಟೇ ತರಗತಿ ಓದಿದ, ಅದೇ ವಯಸ್ಸಿನವರನ್ನು ಹೋಲಿಸಿ ನೋಡಿದಿರಾ?

ಇನ್ನು ನಿಮ್ಮ ಕೊನೆಯ ಪುಟದ ಆಯಿ. ರಾತ್ರಿಯಿಡೀ ಬೀಸುಕಲ್ಲಿನ ಪದ ಹಾಡಬಲ್ಲವಳು, ಹತ್ತು ಪದ ಓದಿ ಹೇಳಿಸಿದರೆ ಮೂರಕ್ಕೆ ನಿಂತಳು ಅಂತ ಬರೆದಿದ್ದೀರಿ. ಲೇಖನ ಇಲ್ಲಿಂದ ಶುರುವಾಗಲಿ. ಆಕೆಯ ತ್ರಿಪದಿಗೆ ಎರಡನೇ ಅಕ್ಷರದ ಪ್ರಾಸ ಇದೆ, ಗೂಟ ಹಿಡಿದ ಕೈಯ ತಿರುವಿದೆ, ಒಂದು ಸಾಲು ಇನ್ನೊಂದನ್ನು ಎಳೆದು ತರುತ್ತದೆ. ಪರೀಕ್ಷೆಯ ಹತ್ತು ಪದಗಳಿಗೆ ಒಂದಕ್ಕೊಂದು ನಂಟಿಲ್ಲ. ಒಮ್ಮೆ ಕೂಡಲೇ ಹೇಳಬೇಕು, ನಡುವೆ ಬೇರೆ ಪ್ರಶ್ನೆ ಕೇಳಿದ ಮೇಲೆ ಮತ್ತೊಮ್ಮೆ. ನಂಟಿಲ್ಲದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವ ಅಭ್ಯಾಸ ಮಗ್ಗಿ ಕಲಿತವರಿಗೆ ಇರುತ್ತದೆ. ಆಯಿಗೆ ಯಾರು ಕಲಿಸಿದರು? ನೀವು ಓದಿದ ಪಟ್ಟಿಯಲ್ಲಿ ‘ದೋಣಿ’ ಅಂತ ಒಂದು ಪದ ಇದೆಯಲ್ಲ, ಅದನ್ನು ಆಕೆ ‘ಡೋಣಿ’ ಅಂದಳು, ನೀವು ತಪ್ಪು ಹಾಕಿದಿರಿ. ಆಕೆಯ ತವರು ತಾಳಿಕೋಟಿ ಅಂತೀರಿ. ಅಲ್ಲಿ ಡೋಣಿ ಅಂದರೆ ಹೊಳೆಯ ಹೆಸರು. ಆ ಅಂಕ ಕೊಡುವುದೋ ಬಿಡುವುದೋ ಅಂತ ಒಂದು ಪ್ಯಾರಾ ಬರೆಯಿರಿ.

ಹೆಂಗಸರಿಗೆ ಸಂತೆಯ ದಾರಿ ನೆನಪಿರುವುದಿಲ್ಲ ಎಂಬ ಜೋಕು ಬೇಡ. ಗಾಡಿ ಹೊಡೆಯುವವರು ಯಾರು, ಹಿಂದೆ ಕೂಡುವವರು ಯಾರು ಅಂತ ನೀವೇ ನೋಡಿರಿ.

1,800 ಪದ ಇದೆ, 900ಕ್ಕೆ ಇಳಿಸಿ. ಮುಂದಿನ ತಿಂಗಳು 10ರೊಳಗೆ ಬಂದರೆ ಜಾಗ ಇಟ್ಟಿರುತ್ತೇವೆ. ಶೀರ್ಷಿಕೆ ಬೇರೆ ಇಡಿ. ಆಯಿಯ ಹೆಸರು ಹಾಕುವುದಾದರೆ ಆಕೆಯನ್ನು ಕೇಳಿ ಹಾಕಿ.