ಕಾಡಾನೆಗೆ ಹೆದರದವರಿಗೆ ವಿಮಾನದ ಭಯವೇಕೆ?

ಪ್ರಶ್ನೆ: ನನಗೆ 52 ವರ್ಷ. ಕೊಡಗಿನ ಸಿದ್ದಾಪುರದ ಸಮೀಪ ಕಾಫಿ ತೋಟವಿದೆ. ಕೊಯ್ಲು ಮುಗಿದು, ಕರಿಮೆಣಸೂ ಒಣಗಿ ಚೀಲ ಸೇರಿದ ಮೇಲೆ ಏಪ್ರಿಲ್ ಕೊನೆಯಲ್ಲಿ ಮನೆಮಂದಿಯೆಲ್ಲ ಅಂಡಮಾನಿಗೆ ಹೋಗುವುದೆಂದು ಮಗಳು ಬೆಂಗಳೂರಿನಿಂದ ವಿಮಾನದ ಟಿಕೆಟ್ ಮಾಡಿಸಿದ್ದಾಳೆ. 2010ರಲ್ಲಿ ಮಂಗಳೂರಿನಲ್ಲಿ ವಿಮಾನ ಬಿದ್ದ ದಿನ ಇಡೀ ಹೊತ್ತು ಟಿವಿ ಮುಂದೆ ಕುಳಿತಿದ್ದೆ. ಅಂದಿನಿಂದ ಏನಾದರೊಂದು ನೆಪ ಹೇಳಿ ವಿಮಾನ ತಪ್ಪಿಸಿಕೊಂಡೇ ಬಂದಿದ್ದೇನೆ. 2025ರಲ್ಲಿ ಅಹಮದಾಬಾದಿನ ದೃಶ್ಯ ನೋಡಿದ ಮೇಲೆ ಇನ್ನೂ ಕೆಟ್ಟಿತು. ಈಗ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ‘ನೀವು ಮುಂದೆ ಹೋಗಿ, ನಾನು ಚೆನ್ನೈಯಿಂದ ಹಡಗಿನಲ್ಲಿ ಬರುತ್ತೇನೆ’ ಎಂದೆ. ಮಗಳು ನಕ್ಕಳು, ಹೆಂಡತಿ ನಗಲಿಲ್ಲ. ತೋಟದಲ್ಲಿ ಕಾಡಾನೆ ಎದುರಾದಾಗಲೂ ಕೈಕಾಲು ನಡುಗದ ಮನುಷ್ಯ ನಾನು. ‘ಅಜ್ಜಮಾಡ ದೇವಯ್ಯನವರ ನಾಡಿನವನಿಗೆ ವಿಮಾನದ ಹೆದರಿಕೆಯೇ’ ಎಂದು ಭಾವ ಹತ್ತು ಜನರೆದುರು ಕೆಣಕುತ್ತಾರೆ. ಏನು ಮಾಡಲಿ ಡಾಕ್ಟರೇ?
(ಹೆಸರು ಬೇಡ)

ಉತ್ತರ: ಭಾವನವರ ಮಾತಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಭಯಕ್ಕಿಂತ ನಾಚಿಕೆಯೇ ಹೆಚ್ಚು ಕಾಣುತ್ತಿದೆ. ಸ್ಕ್ವಾಡ್ರನ್ ಲೀಡರ್ ದೇವಯ್ಯನವರು 1965ರ ಯುದ್ಧದಲ್ಲಿ ತಮ್ಮದಕ್ಕಿಂತ ವೇಗದ ಶತ್ರು ವಿಮಾನವನ್ನು ಹೊಡೆದುರುಳಿಸಿದರು, ತಾವೂ ಮರಳಿ ಬರಲಿಲ್ಲ. ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಆದರೆ ಅವರ ಕೈಯಲ್ಲಿ ವಿಮಾನವೇ ಇತ್ತು. ನಿಮ್ಮ ಕೈಯಲ್ಲಿರುವುದು ಬೋರ್ಡಿಂಗ್ ಪಾಸ್.

ಆನೆಯ ವಿಷಯವೂ ಅಷ್ಟೇ. ಆನೆ ಎದುರಾದಾಗ ನಿಮಗೆ ಮೈತುಂಬ ಕೆಲಸವಿರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಮರಿ ಜೊತೆಗಿದೆಯೇ, ಹಿಂದೆ ಸರಿಯಲು ದಾರಿ ಎಲ್ಲಿ, ಕೆಲಸದವರು ಯಾವ ಸಾಲಿನಲ್ಲಿದ್ದಾರೆ, ಅರಣ್ಯ ಇಲಾಖೆಯವರಿಗೆ ಫೋನ್ ಮಾಡಬೇಕೇ ಎಂದು ಕಣ್ಣು, ಕಿವಿ, ಕಾಲು ಎಲ್ಲವೂ ದುಡಿಯುತ್ತಿರುತ್ತವೆ. ಆಗಲೂ ಎದೆ ಬಡಿದುಕೊಂಡಿರುತ್ತದೆ, ಅದನ್ನು ಗಮನಿಸಲು ನಿಮಗೆ ಪುರುಸೊತ್ತಿರುವುದಿಲ್ಲ. ವಿಮಾನದಲ್ಲಿ ಅದೇ ಎದೆಬಡಿತ ಬರುತ್ತದೆ, ಮಾಡಲು ಮಾತ್ರ ಏನೂ ಇಲ್ಲ. ಕೂರಬೇಕು, ಅಷ್ಟೇ. ತೋಟವನ್ನು ತಾವೇ ನಿಂತು ನಡೆಸಿದವರಿಗೆ, ಜೀಪಿನ ಸ್ಟಿಯರಿಂಗನ್ನು ಇನ್ನೊಬ್ಬರ ಕೈಗೆ ಕೊಡದವರಿಗೆ ಇದು ಹೆಚ್ಚು ಕಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲವೆಂದು ಭಾವನವರಿಗೆ ಹೇಳಿ, ಅಥವಾ ಈ ಪುಟವನ್ನೇ ತೋರಿಸಿ.

ಅಂಕಿ ಅಂಶದ ಮಾತು ಬೇಗ ಮುಗಿಸುತ್ತೇನೆ. ನಮ್ಮ ದೇಶದ ರಸ್ತೆಗಳಲ್ಲಿ 2022 ಒಂದೇ ವರ್ಷ 1,68,491 ಜನ ಸತ್ತರು. ಆದರೂ ಮಾಕುಟ್ಟದ ಘಾಟಿ ಇಳಿಯುವಾಗ ನೀವು ಹೆದರುವುದಿಲ್ಲ. ವಿಮಾನ ಬೀಳುವುದೇ ಇಲ್ಲ ಎಂದು ನಾನು ಹೇಳಲಾರೆ. ಮಂಗಳೂರು, ಅಹಮದಾಬಾದ್ ಎರಡೂ ನಡೆದದ್ದೇ. ಅಷ್ಟು ವಿರಳವಾದ್ದರಿಂದಲೇ ಇಷ್ಟು ವರ್ಷವಾದರೂ ದಿನಾಂಕ ಸಮೇತ ನೆನಪಿರುತ್ತದೆ. ಹಾಗೆಂದು ರಾತ್ರಿ ಎರಡು ಗಂಟೆಗೆ ಎಚ್ಚರವಾದವರ ಕೈಹಿಡಿದು ಲೆಕ್ಕ ಒಪ್ಪಿಸಿದರೆ ಪ್ರಯೋಜನವಿಲ್ಲ.

ನಿಜವಾಗಿ ಕೈಹಿಡಿಯುವುದು ವಿಮಾನದ ಸದ್ದುಗಳ ಪರಿಚಯ. ಹೆದರಿದ ಕಿವಿಗೆ ಪ್ರತಿ ಸದ್ದೂ ಕೆಟ್ಟ ಸುದ್ದಿಯೇ. ಕೆಲವು ಬಗೆಯ ವಿಮಾನಗಳಲ್ಲಿ ಹೊರಡುವ ಮೊದಲು ನೆಲದಡಿಯಿಂದ ಸಿಲ್ವರ್ ಓಕ್ ಮರಕ್ಕೆ ಗರಗಸ ಹಾಕಿದಂತೆ ‘ಕರ‍್ರ್, ಕರ‍್ರ್’ ಎಂದು ಕೇಳಿಸುತ್ತದೆ. ಅದು ಹೈಡ್ರಾಲಿಕ್ ಒತ್ತಡ ಸರಿದೂಗಿಸುವ ಯಂತ್ರ. ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಕಾಲ ಕೆಳಗೆ ‘ಧಡ್’ ಎಂದರೆ ಚಕ್ರಗಳು ಒಳಸೇರಿ ಬಾಗಿಲು ಮುಚ್ಚಿತೆಂದು ಅರ್ಥ. ಅದಾದ ಸ್ವಲ್ಪ ಹೊತ್ತಿಗೆ ಬರುವುದೇ ನೀವು ಅತಿ ಹೆಚ್ಚು ಹೆದರುವ ಗಳಿಗೆ: ಎಂಜಿನ್‌ನ ಅಬ್ಬರ ಒಮ್ಮೆಲೇ ತಗ್ಗುತ್ತದೆ, ಹೊಟ್ಟೆ ಜಾರಿದಂತಾಗುತ್ತದೆ, ‘ಎಂಜಿನ್ ಹೋಯಿತು’ ಎಂದು ಮನಸ್ಸು ಕೂಗುತ್ತದೆ. ಮಾಕುಟ್ಟದಿಂದ ಎರಡನೇ ಗೇರಿನಲ್ಲಿ ಏರಿ ಬಂದು ಘಾಟಿಯ ಮೇಲಿನ ಪೆರುಂಬಾಡಿ ತಲುಪಿದಾಗ ನೀವು ಏನು ಮಾಡುತ್ತೀರಿ? ಆಕ್ಸಿಲರೇಟರಿನಿಂದ ಕಾಲು ಸಡಿಲಿಸುತ್ತೀರಿ. ಹಿಂದೆ ನಿದ್ದೆ ಹೋಗಿದ್ದವರು ‘ಗಾಡಿ ನಿಂತಿತೇ’ ಎಂದು ಏಳುವುದಿಲ್ಲವೇ? ಪೈಲಟ್ ಮಾಡುವುದೂ ಅದನ್ನೇ. ವಿಮಾನ ಆಗಲೂ ಏರುತ್ತಲೇ ಇರುತ್ತದೆ.

ಇನ್ನು ಕುಲುಕಾಟ. ‘ಏರ್ ಪಾಕೆಟ್‌ಗೆ ಬಿತ್ತು’ ಎನ್ನುತ್ತಾರೆ. ಗಾಳಿಯಲ್ಲಿ ಹಳ್ಳವಿರುವುದಿಲ್ಲ. ದುಬಾರೆಯಲ್ಲಿ ಕಾವೇರಿ ಬಂಡೆಗಳ ಮೇಲೆ ಹರಿಯುವಾಗ ನೀರು ಉಬ್ಬಿ ತಗ್ಗಿ ರಾಫ್ಟನ್ನು ಎತ್ತಿ ಇಳಿಸುತ್ತದಲ್ಲ, ಗಾಳಿಯೂ ಹಾಗೆಯೇ ಹರಿಯುತ್ತದೆ. ರೆಕ್ಕೆ ಬಾಗುವುದು ಕಂಡರೆ ಒಳ್ಳೆಯದೇ, ಬಾಗಲೆಂದೇ ಅದನ್ನು ಮಾಡಿರುವುದು. ಹಾರಾಟದಲ್ಲಿ ನಿರೀಕ್ಷಿಸಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ತಡೆಯುವಂತೆ ವಿಮಾನವನ್ನು ವಿನ್ಯಾಸ ಮಾಡಿರುತ್ತಾರೆ. ಆದರೆ ಬೆಲ್ಟಿನ ವಿಷಯದಲ್ಲಿ ಸಡಿಲಿಕೆ ಬೇಡ. 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ವಿಮಾನ ಭಾರಿ ಕುಲುಕಾಟಕ್ಕೆ ಸಿಲುಕಿತು. ಒಬ್ಬರು ತೀರಿಕೊಂಡರು, ಹಲವರಿಗೆ ಗಾಯವಾಯಿತು. ಸಾವಿರಾರು ಅಡಿ ಬಿದ್ದಿತೆಂದು ಮೊದಲು ಸುದ್ದಿಯಾಯಿತು. ತನಿಖೆಯಲ್ಲಿ ತಿಳಿದದ್ದು, ಜನರನ್ನು ಚಾವಣಿಗೆ ಎತ್ತಿ ಬಡಿದ ಆ ಕುಸಿತ 4.6 ಸೆಕೆಂಡಿನಲ್ಲಿ 178 ಅಡಿ ಎಂದು. ಮೇಲಕ್ಕೆ ಹಾರಿ ಬಿದ್ದವರು ಬೆಲ್ಟ್ ಹಾಕದವರು. ಸೂಚನೆಯ ದೀಪ ಆರಿದರೂ ಬೆಲ್ಟ್ ಹಾಕಿಯೇ ಕುಳಿತಿರಿ. ರೆಕ್ಕೆಯ ಪಕ್ಕದ ಸಾಲುಗಳಲ್ಲಿ ಕುಲುಕಾಟ ಬಾಲದ ಕಡೆಗಿಂತ ಕಡಿಮೆ. ಮಗಳಿಗೆ ಹೇಳಿ ಅಲ್ಲಿ ಸೀಟು ಹಿಡಿಸಿ.

ಈಗ ಹಡಗಿನ ಮಾತು. ಚೆನ್ನೈಯಿಂದ ಅಂಡಮಾನಿಗೆ ಹಡಗಿನಲ್ಲಿ ಸುಮಾರು ಮೂರು ದಿನ, ಬೆಂಗಳೂರಿನಿಂದ ವಿಮಾನದಲ್ಲಿ ಎರಡೂವರೆ ಗಂಟೆಯ ಆಸುಪಾಸು. ನಾನು ಬೇಡವೆನ್ನುವುದು ಸಮಯದ ಲೆಕ್ಕದಿಂದಲ್ಲ. ಒಂದೊಂದು ಸಲ ವಿಮಾನ ತಪ್ಪಿಸಿದಾಗಲೂ ನಿಮ್ಮ ಮನಸ್ಸಿಗೆ ಸಿಕ್ಕಿದ ಪಾಠ ಒಂದೇ: ‘ಹೋಗಲಿಲ್ಲ, ಅದಕ್ಕೇ ಬದುಕಿದೆ.’ ಇಷ್ಟು ವರ್ಷ ಈ ಪಾಠವನ್ನು ಗಟ್ಟಿಮಾಡಿಕೊಂಡಿದ್ದೀರಿ. ಭಯ ಹೋಗಲಿ, ಆಮೇಲೆ ಹತ್ತುತ್ತೇನೆ ಎಂದು ಕಾದರೆ ಅದು ಹೋಗುವುದಿಲ್ಲ. ಹೆದರಿಕೆ ಇರುವಾಗಲೇ ಹತ್ತಬೇಕು. ಅದಕ್ಕೆ ಮೈಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಪಳಗಿಸಬೇಕು, ದುಬಾರೆಯಲ್ಲಿ ಆನೆಯನ್ನು ಪಳಗಿಸಿದ ಹಾಗೆ. ಈ ಹೋಲಿಕೆಗೆ ನೀವು ಕೋಪಿಸಿಕೊಳ್ಳಲಾರಿರಿ ಎಂದುಕೊಂಡಿದ್ದೇನೆ.

ಮೊದಲು, ಅಪಘಾತದ ವಿಡಿಯೊ ಸಂಪೂರ್ಣ ಬಂದ್. ಬದಲಿಗೆ ಒಂದು ಸಾಮಾನ್ಯ ಹಾರಾಟದ, ಒಳಗಿನಿಂದ ಚಿತ್ರಿಸಿದ ವಿಡಿಯೊ ಆರಿಸಿಕೊಳ್ಳಿ. ಪ್ರತಿ ಸಂಜೆ ಅದೇ ಹೊತ್ತಿಗೆ, ಇಯರ್‌ಫೋನ್ ಹಾಕಿಕೊಂಡು ಅದನ್ನೇ ನೋಡಿ. ಮೊದಲ ದಿನ ಅಂಗೈ ಬೆವರುತ್ತದೆ. ನಡುವೆ ನಿಲ್ಲಿಸಬೇಡಿ, ಬೆವರು ಇಳಿಯುವವರೆಗೂ ನೋಡಿ. ದಿನ ಕಳೆದಂತೆ ಬೇಸರ ಬರಲು ಶುರುವಾಗುತ್ತದೆ. ನಮಗೆ ಬೇಕಾದದ್ದು ಆ ಬೇಸರವೇ. ಮುಂದಿನ ಹಂತದಲ್ಲಿ ಒಂದು ದಿನ ವಿರಾಜಪೇಟೆ ಮಾರ್ಗವಾಗಿ ಕಣ್ಣೂರು ವಿಮಾನ ನಿಲ್ದಾಣದವರೆಗೆ ಹೋಗಿ, ಹೊರಗಿನಿಂದಲೇ ವಿಮಾನ ಏರುವುದನ್ನೂ ಇಳಿಯುವುದನ್ನೂ ನೋಡಿ ಬನ್ನಿ. 2018ರ ಡಿಸೆಂಬರಿನಲ್ಲಿ ಶುರುವಾದ ಈ ನಿಲ್ದಾಣ ನಿಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಅನುಕೂಲವಿದ್ದರೆ, ಟಿಕೆಟ್ ಸಿಕ್ಕರೆ, ಪ್ರವಾಸಕ್ಕೆ ಮೊದಲೇ ಅಲ್ಲಿಂದ ಬೆಂಗಳೂರಿಗೆ ಒಂದು ಗಂಟೆಯ ಹಾರಾಟ ಮಾಡಿ. ಮೂರು ತಿಂಗಳ ಸಮಾಧಾನದ ಮಾತು ಮಾಡದ ಕೆಲಸವನ್ನು ಆ ಒಂದು ಗಂಟೆ ಮಾಡೀತು.

ಜೊತೆಗೆ ಉಸಿರಾಟ. ಭಯವಾದಾಗ ಉಸಿರು ಗಿಡ್ಡವಾಗಿ ಜೋರಾಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಆಗ ‘ಹೃದಯಾಘಾತವೇ’ ಎಂಬ ಹೊಸ ಭಯ ಹುಟ್ಟುತ್ತದೆ. ನಾಲ್ಕು ಎಣಿಸುತ್ತ ಮೂಗಿನಿಂದ ಎಳೆದುಕೊಳ್ಳಿ, ಆರೇಳು ಎಣಿಸುತ್ತ ನಿಧಾನವಾಗಿ ಬಿಡಿ. ಇದನ್ನು ವಿಮಾನದಲ್ಲಿ ಕಲಿಯಲು ಹೋಗಬೇಡಿ, ಇಂದಿನಿಂದಲೇ ದಿನಕ್ಕೆ ಎರಡು ಸಲ ಐದೈದು ನಿಮಿಷ ಮಾಡಿ. ವಿಮಾನದಲ್ಲಿ ಸೀಟಿನ ಕೈ ಹಿಡಿಕೆಯನ್ನು ಬಿಗಿಯಾಗಿ ಹಿಡಿಯಬೇಡಿ. ಅಂಗೈ ಮೇಲಾಗಿ ತೊಡೆಯ ಮೇಲಿಡಿ. ಬಿಗಿದ ಮುಷ್ಟಿ ಮನಸ್ಸಿಗೆ ‘ಅಪಾಯ’ ಎಂದೇ ಹೇಳುತ್ತಿರುತ್ತದೆ. ನಿಮಗೆ ಮಾಡಲು ಕೆಲಸ ಬೇಕೆಂದೆನಲ್ಲ, ಆ ಎರಡೂವರೆ ಗಂಟೆ ಕೈಯನ್ನು ಸಡಿಲವಾಗಿ ಇಡುವುದೇ ನಿಮ್ಮ ಕೆಲಸ.

ಇನ್ನೊಂದು ಮಾತು, ಬೆಳೆಗಾರರ ಹತ್ತಿರ ಹೇಳಲು ಸಂಕೋಚ: ಕಾಫಿ ಕಡಿಮೆ ಮಾಡಿ. ಕೆಫೀನ್ ತಾನಾಗಿಯೇ ಎದೆ ಬಡಿತ, ನಡುಕ ತರಿಸಬಲ್ಲದು, ಅರ್ಧದಷ್ಟು ಕರಗಲು ಅದಕ್ಕೆ ಐದಾರು ಗಂಟೆ ಬೇಕು. ಸಂಜೆಯ ಲೋಟ ಈಗಲೇ ಬಿಡಿ, ಎರಡು ಗಂಟೆಯ ಎಚ್ಚರಕ್ಕೂ ಅದರ ಕೊಡುಗೆ ಇದ್ದೀತು. ಪ್ರಯಾಣದ ದಿನ ಒಂದೇ ಸಾಕು.

ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆ ನಮ್ಮದು. ನಿಮ್ಮ ತೋಟದಿಂದ ದೇವನಹಳ್ಳಿಗೆ ಆರೇಳು ಗಂಟೆಯ ದಾರಿ. ಭಯ ಬಲಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ! ಸಾಮಾನ್ಯವಾಗಿ ಹಾರಾಟಕ್ಕಿಂತ ಅದನ್ನು ಕಾಯುವ ಹೊತ್ತೇ ಹೆಚ್ಚು ಹಿಂಸೆ. ಹಿಂದಿನ ದಿನವೇ ಬೆಂಗಳೂರು ಸೇರಿ ಮಲಗಿ. ಹತ್ತುವಾಗ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ‘ನನಗೆ ಸ್ವಲ್ಪ ಭಯ’ ಎಂದು ಹೇಳಿಬಿಡಿ. ನಿಮ್ಮಂಥವರನ್ನು ಅವರು ಬೇಕಾದಷ್ಟು ನೋಡಿರುತ್ತಾರೆ.

ಇಷ್ಟು ಮಾಡಿಯೂ ಮೂರು ನಾಲ್ಕು ವಾರದಲ್ಲಿ ನಿದ್ರೆ ಸರಿಹೋಗದಿದ್ದರೆ, ಅಥವಾ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಸಭೆಯಲ್ಲಿ ಕುಳಿತಾಗಲೂ ಹೀಗೇ ಆಗುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲೇಬೇಕೆಂದಿಲ್ಲ, ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲೇ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಪ್ರಶ್ನೆ: ಕುಶಾಲನಗರದಿಂದ ಬರೆಯುತ್ತಿದ್ದೇನೆ. ಮೂರು ವರ್ಷದ ಮಗನೊಂದಿಗೆ ಮೊದಲ ಸಲ ವಿಮಾನ ಹತ್ತಲಿದ್ದೇನೆ. ನನಗೇ ಭಯ. ಅದು ಮಗುವಿಗೂ ಅಂಟೀತೆಂಬ ಚಿಂತೆ. ಕಿವಿನೋವು ಬರುತ್ತದೆ ಎಂದೂ ಹೇಳುತ್ತಾರೆ.

ಉತ್ತರ: ಮಕ್ಕಳು ನಮ್ಮ ಮಾತಿಗಿಂತ ಮುಖ ನೋಡುತ್ತಾರೆ. ಹಾಗೆಂದು ಸುಳ್ಳು ನಗೆ ತೊಡಬೇಕಿಲ್ಲ. ‘ಅಮ್ಮನಿಗೂ ಸ್ವಲ್ಪ ಪುಕಪುಕ ಆಗುತ್ತಿದೆ, ಇಬ್ಬರೂ ಸೇರಿ ಬಲೂನು ಊದಿದ ಹಾಗೆ ಉಸಿರು ಬಿಡೋಣ’ ಎನ್ನಿ. ಮಗುವಿಗೆ ಆಟವಾಗುತ್ತದೆ, ನಿಮಗೆ ಔಷಧ.

ಕಿವಿನೋವು ಹೆಚ್ಚಾಗಿ ಬರುವುದು ವಿಮಾನ ಇಳಿಯುವಾಗ. ಮಡಿಕೇರಿಯಿಂದ ಘಟ್ಟ ಇಳಿದು ಸಂಪಾಜೆ ಸೇರುವಷ್ಟರಲ್ಲಿ ಕಿವಿ ಮುಚ್ಚಿಕೊಂಡಂತಾಗಿ ‘ಟಪ್’ ಎನ್ನುತ್ತದಲ್ಲ, ಅದೇ ಇದು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದಲ್ಲಿರುವಷ್ಟಕ್ಕೆ ಇಳಿಯಬಹುದು. ನಮ್ಮ ತಡಿಯಂಡಮೋಳ್ ಬೆಟ್ಟವೇ 5,700 ಅಡಿ ಚಿಲ್ಲರೆ. ಅಷ್ಟೆತ್ತರದಿಂದ ಬೇಗ ಇಳಿದರೆ ಕಿವಿ ಹೊಂದಿಕೊಳ್ಳಲು ಸಮಯ ಬೇಕು. ಇಳಿಯಲು ಶುರುವಾದಾಗ ಮಗು ಮಲಗಿದ್ದರೆ ಎಬ್ಬಿಸಿ, ಸ್ವಲ್ಪ ಸ್ವಲ್ಪವೇ ನೀರು ಕುಡಿಸುತ್ತಿರಿ. ನುಂಗಿದಷ್ಟೂ ಕಿವಿ ತೆರೆದುಕೊಳ್ಳುತ್ತದೆ. ಜೋರು ಶೀತವಿದ್ದರೆ ಮೊದಲೇ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಹತ್ತುವ ಮೊದಲು ಎರಡು ಪೆಗ್ ಹಾಕಿಕೊಂಡರೆ ಏನೂ ಗೊತ್ತಾಗುವುದಿಲ್ಲ ಎನ್ನುತ್ತಾರೆ ಗೆಳೆಯರು. ಇನ್ನೊಬ್ಬರು ತಮ್ಮ ಮನೆಯಲ್ಲಿ ಉಳಿದ ನಿದ್ರೆ ಮಾತ್ರೆಯನ್ನೂ ಕೊಟ್ಟಿದ್ದಾರೆ. ಯಾವುದು ಒಳ್ಳೆಯದು?
(ಗೋಣಿಕೊಪ್ಪಲು)

ಉತ್ತರ: ಕೊಡಗಿನಿಂದ ಈ ಪ್ರಶ್ನೆ ಬಾರದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ಎರಡೂ ಬೇಡ, ಎರಡೂ ಒಟ್ಟಿಗಂತೂ ಬೇಡವೇ ಬೇಡ. ಉಸಿರಾಟವೇ ಕುಂದುವ ಅಪಾಯವಿದೆ. ಮದ್ಯದ ಅಮಲು ಇಳಿಯುವಾಗ ಭಯ ದುಪ್ಪಟ್ಟಾಗಿ ಬರುತ್ತದೆ, ಅದೂ ನೀವು ಮೋಡದ ಮೇಲಿರುವಾಗಲೇ. ಕುಡಿದು ಬಂದವರನ್ನು ಹತ್ತಿಸದಿರುವ ಅಧಿಕಾರ ವಿಮಾನದವರಿಗಿದೆ. ದೇಶದೊಳಗಿನ ಹಾರಾಟದಲ್ಲಿ ಮದ್ಯ ಕೊಡುವುದೂ ಇಲ್ಲ.

ನಿದ್ರೆ ಮಾತ್ರೆ ಹಾಕಿ ಮಲಗಿದವರಿಗೆ ತುರ್ತು ಸಮಯದಲ್ಲಿ ಏಳಲಾಗುವುದಿಲ್ಲ. ಗಂಟೆಗಟ್ಟಲೆ ಅಲುಗದೆ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಹೆಚ್ಚು. ಎದೆ ಬಡಿತ ತಗ್ಗಿಸಲು ಕೊಡುವ ಪ್ರೊಪ್ರನೊಲಾಲ್‌ನಂಥ ಮಾತ್ರೆ ಆಸ್ತಮಾ ಇರುವವರಿಗೆ ಅಪಾಯಕಾರಿ. ಔಷಧ ಬೇಕೇ ಬೇಡವೇ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಹೇಳಲಿ. ಗೆಳೆಯರು ಕೊಟ್ಟ ಮಾತ್ರೆಯನ್ನು ಅವರಿಗೇ ವಾಪಸು ಕೊಟ್ಟುಬಿಡಿ.