ಅಪ್ಪನ ದನಿ

ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಮೂವತ್ತರ ಆಸುಪಾಸಿನವರು. ಕೆಲಸಕ್ಕಾಗಿ ತಮ್ಮದಲ್ಲದ ಭಾಷೆಯ ದೇಶಕ್ಕೆ ಬಂದು ನೆಲೆಸಿದ್ದರು. ಐದು ತಿಂಗಳ ಹಿಂದೆ ತಂದೆ ತೀರಿಕೊಂಡಾಗ ಅಂತ್ಯಸಂಸ್ಕಾರಕ್ಕೆ ಹೋಗಲು ಆಗಿರಲಿಲ್ಲ. ಅಂದಿನಿಂದ ನಿದ್ರೆಯಿಲ್ಲ, ಎದೆಯ ಮೇಲೆ ಕಲ್ಲು ಹೇರಿದಂಥ ಭಾರ. ಬೆಳಗಿನ ಜಾವ ತಂದೆ ಹೆಸರು ಹಿಡಿದು ಕರೆದಂತೆ ಕೇಳಿಸುತ್ತಿತ್ತು. ಇದನ್ನು ಮೊದಲು ಹೇಳಿಕೊಂಡ ಕಡೆ, ಹೆಚ್ಚೇನೂ ವಿಚಾರಿಸದೆ, ತೀವ್ರ ಮನೋರೋಗದ ಲಕ್ಷಣವಿರಬಹುದು ಎಂದುಬಿಟ್ಟಿದ್ದರಂತೆ. ಆ ಹೆದರಿಕೆಯಿಂದ ನನ್ನ ಬಳಿಯೂ ಮೂರನೆಯ ಭೇಟಿಯವರೆಗೆ ಅವರು ದನಿಯ ವಿಷಯ ಎತ್ತಲಿಲ್ಲ.

ಆ ತಡಕ್ಕೆ ನಾನೂ ಕಾರಣಳು. ಮೊದಲೆರಡು ಭೇಟಿಗಳಲ್ಲಿ ಅವರ ತಮ್ಮನನ್ನೇ ದುಭಾಷಿಯಾಗಿ ಕೂರಿಸಿಕೊಂಡಿದ್ದೆ. ಅದೇ ತಂದೆಯನ್ನು ಕಳೆದುಕೊಂಡ ತಮ್ಮನ ಎದುರು ಅಣ್ಣನಾದವರು ತಮ್ಮ ಅಳಲನ್ನು ಹೇಗೆ ತೋಡಿಕೊಳ್ಳಬೇಕು? ಮೂರನೆಯ ಭೇಟಿಗೆ, ಗೌಪ್ಯತೆ ಕಾಪಾಡುವ ತರಬೇತಿಯಿದ್ದ, ಕುಟುಂಬಕ್ಕೆ ಪರಿಚಯವಿಲ್ಲದ ದುಭಾಷಿಯನ್ನು ಕರೆಸಿದೆ. ಮಾತು ಹೊರಬಂದದ್ದು ಆಗ.

ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಪ್ರಕಟವಾದ ಡಿಎಸ್‌ಎಂ-5 ಕೈಪಿಡಿಯಲ್ಲಿ, ವ್ಯಕ್ತಿ ತನ್ನ ತೊಂದರೆಯನ್ನು ತನ್ನ ಸಂಸ್ಕೃತಿಯ ಕಣ್ಣಿನಿಂದ ಹೇಗೆ ಕಾಣುತ್ತಾನೆಂದು ತಿಳಿಯಲು 16 ಪ್ರಶ್ನೆಗಳ ಸಂದರ್ಶನವೊಂದಿದೆ. ಈ ತೊಂದರೆಯನ್ನು ನಿಮ್ಮವರಿಗೆ ಹೇಗೆ ವಿವರಿಸುತ್ತೀರಿ, ಇದು ಏಕೆ ಬಂತೆಂದು ನಿಮಗನ್ನಿಸುತ್ತದೆ, ಇದರಲ್ಲಿ ನಿಮ್ಮನ್ನು ಹೆಚ್ಚು ಕಾಡುವುದು ಯಾವುದು ಎಂಬಂಥ ಸರಳ ಪ್ರಶ್ನೆಗಳು. ಕೊನೆಯದನ್ನು ಕೇಳಿದಾಗ, ದನಿಯೇ ಕಾಡುತ್ತಿದೆ ಎಂಬ ಉತ್ತರವನ್ನು ನಾನು ನಿರೀಕ್ಷಿಸಿದ್ದೆ. ಅವರೆಂದರು: “ದನಿ ಕೇಳಿದರೆ ಸಮಾಧಾನವೇ ಆಗುತ್ತದೆ ಮೇಡಂ. ತೀರಿಕೊಳ್ಳುವ ಹಿಂದಿನ ದಿನ ಅಪ್ಪ ಫೋನ್ ಮಾಡಿದ್ದರು. ಕೆಲಸದಲ್ಲಿದ್ದೆ, ಎತ್ತಲಿಲ್ಲ.”

ಅಗಲಿದವರ ಇರವನ್ನು ಅನುಭವಿಸುವುದು ಯಾವುದೋ ಒಂದು ಸಮುದಾಯದ ವಿಚಿತ್ರವಲ್ಲ. 1971ರಲ್ಲಿ ಬ್ರಿಟನ್ನಿನ ವೈದ್ಯ ಡೀವಿ ರೀಸ್, ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಇಂಥ ಅನುಭವವಾಗಿತ್ತು. ಹಾಗೆಂದು ಎಲ್ಲವನ್ನೂ ಸಂಸ್ಕೃತಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದೂ ಅಷ್ಟೇ ಅಪಾಯಕರವಾದ್ದರಿಂದ, ಸಾಯಬೇಕೆನಿಸುತ್ತದೆಯೇ, ದನಿ ಏನಾದರೂ ಮಾಡೆಂದು ಆಜ್ಞಾಪಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಎರಡಕ್ಕೂ ಇಲ್ಲವೆಂದರು. ಮನೋವೈದ್ಯರೂ ಪರೀಕ್ಷಿಸಿ, ಇದು ದುಃಖದ ಭಾಗವೆಂದು ಖಚಿತಪಡಿಸಿದರು. ದೀರ್ಘಕಾಲದ ಶೋಕವನ್ನು ಕಾಯಿಲೆಯೆಂದು ಗುರುತಿಸಲು 2022ರ ಪರಿಷ್ಕೃತ ಕೈಪಿಡಿಯು ವಯಸ್ಕರಲ್ಲಿ ಕನಿಷ್ಠ 12 ತಿಂಗಳು ಕಳೆದಿರಬೇಕೆನ್ನುತ್ತದೆ. ಆ ಶೋಕವು ವ್ಯಕ್ತಿಯ ಸಂಸ್ಕೃತಿ ಒಪ್ಪುವ ಮೇರೆಯನ್ನು ಮೀರಿರಬೇಕೆಂದೂ ಸೇರಿಸುತ್ತದೆ.

ಇನ್ನೊಂದು ತಪ್ಪನ್ನೂ ಹೇಳಬೇಕು. ಅವರ ಸಮುದಾಯದ ಶೋಕಾಚರಣೆಯ ಬಗ್ಗೆ ಓದಿಕೊಂಡಿದ್ದ ನಾನು, ಅದರಂತೆ ಒಂದು ವಿಧಿಯನ್ನು ಮಾಡಬಹುದಲ್ಲವೇ ಎಂದೆ. ತಮ್ಮ ತಂದೆ ಅಂಥದ್ದನ್ನೆಲ್ಲ ಬಿಟ್ಟು ಎಷ್ಟೋ ವರ್ಷವಾಗಿತ್ತೆಂದು ಅವರು ಸೌಜನ್ಯದಿಂದಲೇ ತಿದ್ದಿದರು. ಕ್ಷಮೆ ಕೇಳಿ, ಹಾಗಾದರೆ ತಂದೆಗೆ ಯಾವುದು ಸರಿಯೆನಿಸುತ್ತಿತ್ತು ಎಂದು ಕೇಳಿದೆ.

ಆಮೇಲೆ ಕೊಟ್ಟ ಸಲಹೆಗಳು ಬಹುಪಾಲು ಅವರ ಉತ್ತರದಿಂದಲೇ ಹುಟ್ಟಿದವು. ಎತ್ತದೆ ಹೋದ ಆ ಕರೆಯಲ್ಲಿ ತಂದೆಗೆ ಏನು ಹೇಳುತ್ತಿದ್ದರೋ ಅದನ್ನು ತಮ್ಮ ಭಾಷೆಯಲ್ಲೇ, ನನಗೆ ಅನುವಾದಿಸುವ ಹಂಗಿಲ್ಲದೆ, ಗಟ್ಟಿಯಾಗಿ ಹೇಳಬೇಕು. ಕೊನೆಯ ದಿನ ತಂದೆಯ ಜೊತೆಗಿದ್ದ ಸೋದರತ್ತೆಯನ್ನು ಮಾತನಾಡಿಸಿ, ಅಂದು ನಡೆದದ್ದನ್ನು ಕೇಳಿ ತಿಳಿಯಬೇಕು. ಜಾವದಲ್ಲಿ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂರಬೇಕು. ದನಿ ಬೈಯತೊಡಗಿದರೆ, ಆಜ್ಞಾಪಿಸಿದರೆ ಅಥವಾ ಬದುಕು ಬೇಡವೆನಿಸಿದರೆ ಮುಂದಿನ ಭೇಟಿಗೆ ಕಾಯದೆ ಕೂಡಲೇ ಬರಬೇಕು.

ತಂದೆಗೆ ಹೇಳಬೇಕಿದ್ದ ಮಾತನ್ನು ಅವರು ಆರನೆಯ ಭೇಟಿಯಲ್ಲಿ ಹೇಳಿದರು. ದುಭಾಷಿ ಹೊರಗೆ ಕೂತಿದ್ದರು; ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಕೇಳಿಸಿಕೊಂಡೆ. ಹತ್ತನೆಯ ಭೇಟಿಯ ಹೊತ್ತಿಗೆ ರಾತ್ರಿ ಐದಾರು ಗಂಟೆ ನಿದ್ರೆ ಬರುತ್ತಿತ್ತು. ದನಿ ಅಪರೂಪವಾಗಿತ್ತು, ಅದು ಪೂರ್ತಿ ನಿಲ್ಲುವುದು ತಮಗೆ ಬೇಕಿಲ್ಲವೆಂದರು. ನಾನೂ ಅದನ್ನು ಗುರಿಯಾಗಿ ಬರೆದುಕೊಳ್ಳಲಿಲ್ಲ.