ಕಿವಿಯ ಆಪರೇಷನ್ ಆದ ಮೇಲೆ ಅಡಿಕೆ ಮರ ಹತ್ತಬಹುದೇ?

ಪ್ರಶ್ನೆ: ನನಗೆ 36 ವರ್ಷ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವುದು ನನ್ನ ಕೆಲಸ. ಎರಡೂ ಕಿವಿ ಮಂದವಾಗಿದ್ದು, ಓಟೋಸ್ಕ್ಲೆರೋಸಿಸ್ ಎಂದು ಹೇಳಿದ ವೈದ್ಯರು ಆಪರೇಷನ್ ಸೂಚಿಸಿದ್ದಾರೆ. ಅದಾದ ಮೇಲೆ ತಲೆಸುತ್ತು ಬರುತ್ತದೆಯಂತೆ. ಕಿವಿ ಕೇಳಿಸಿ ಸಮತೋಲನ ತಪ್ಪಿದರೆ ನನ್ನ ಗತಿಯೇನು?

ಉತ್ತರ: ನಿಮ್ಮ ಅಂಜಿಕೆ ಸಕಾರಣವಾದುದು. ಮಧ್ಯಕಿವಿಯಲ್ಲಿರುವ, ಸುಮಾರು 3 ಮಿಲಿಮೀಟರ್ ಎತ್ತರದ ಸ್ಟೇಪಿಸ್ ಎಂಬ ಮೂಳೆಯ ಬುಡದಲ್ಲಿ ಅಸಹಜವಾಗಿ ಮೂಳೆ ಬೆಳೆದು, ಅದು ಅಲುಗಾಡದಂತಾಗುವುದರಿಂದ ನಿಮಗೆ ಕಿವಿ ಕೇಳಿಸುತ್ತಿಲ್ಲ. ಸ್ಟೇಪಿಡಾಟಮಿ ಎಂಬ ಈ ಆಪರೇಷನ್‌ನಲ್ಲಿ ಆ ಮೂಳೆಯ ಪಾದದಲ್ಲಿ ಒಂದು ಮಿಲಿಮೀಟರಿಗಿಂತ ಚಿಕ್ಕದಾದ ರಂಧ್ರ ಕೊರೆದು ಸಣ್ಣ ಪಿಸ್ಟನ್ ಕೂರಿಸುತ್ತಾರೆ. ಸಮತೋಲನ ಕಾಯುವ ಒಳಕಿವಿಯ ಚೀಲಗಳು ಆ ಪಾದದ ಹಿಂದೆಯೇ, ಬಹಳ ಸಮೀಪದಲ್ಲಿರುವುದರಿಂದ ಮೊದಲ ಕೆಲವು ದಿನ ತಲೆ ತಿರುಗುವುದು ಸಾಮಾನ್ಯ. ಹೆಚ್ಚಿನವರಲ್ಲಿ ಅದು ತಾನಾಗಿ ಇಳಿಯುತ್ತದೆ.

ಅನುಭವಿ ಶಸ್ತ್ರವೈದ್ಯರ ಕೈಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ, ಗಾಳಿಯ ಮೂಲಕ ಮತ್ತು ಮೂಳೆಯ ಮೂಲಕ ಕೇಳಿಸುವುದರ ನಡುವಿನ ಅಂತರ 10 ಡೆಸಿಬೆಲ್‌ನೊಳಗೆ (ಡೆಸಿಬೆಲ್ ಎಂದರೆ ಶಬ್ದದ ಮಟ್ಟದ ಅಳತೆ) ಬರುತ್ತದೆ; ಅಂದರೆ ಆ ಮೂಳೆ ಅಲುಗಾಡದೆ ಉಂಟಾದ ಮಂದತನ ಬಹುಮಟ್ಟಿಗೆ ನೀಗುತ್ತದೆ. ಆದರೆ ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿಯ ಶ್ರವಣವೇ ತೀವ್ರವಾಗಿ ಕುಂದಬಹುದು. ಆದ್ದರಿಂದಲೇ ಹೆಚ್ಚು ಮಂದವಾದ ಕಿವಿಗೆ ಮೊದಲು ಕೈಹಾಕುವುದು.

ಮಲಗಿದಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಕ್ಷಣಕಾಲ ಸುತ್ತಿದಂತಾದರೆ, ತಲೆಯನ್ನು ಕ್ರಮವಾಗಿ ತಿರುಗಿಸುವ ಚಿಕಿತ್ಸೆಯಿಂದ ಅದು ಸಾಮಾನ್ಯವಾಗಿ ವಾಸಿಯಾಗುತ್ತದೆ. ಆದರೆ ತಲೆಸುತ್ತು ಒಮ್ಮೆ ಇಳಿದು ಮತ್ತೆ ಏರಿದರೆ, ಅಥವಾ ಅದರೊಂದಿಗೆ ಕೇಳಿಸುವುದೂ ಕಡಿಮೆಯಾದರೆ, ಒಳಕಿವಿಯ ದ್ರವ ಸೋರುತ್ತಿರುವ ಇಲ್ಲವೇ ಒಳಕಿವಿ ಉರಿಯೂತಗೊಂಡಿರುವ ಸಾಧ್ಯತೆಯಿದೆ. ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಒಂದು ಬದಿಯ ಸಮತೋಲನ ಕುಂದಿದರೆ ಮಿದುಳು ಬಹುಮಟ್ಟಿಗೆ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಎರಡೂ ಬದಿ ಹೋದರೆ ಅದು ಕಷ್ಟ. ಹೀಗಾಗಿ ಆಪರೇಷನ್‌ಗೆ ಮುಂಚೆಯೇ ಸಮತೋಲನದ ಪರೀಕ್ಷೆ ಮಾಡಿಸಿ, ಆಮೇಲೆ ಅದನ್ನೇ ಮತ್ತೆ ಮಾಡಿಸಿ ಹೋಲಿಸಿ ನೋಡಿ. ಮೊದಲ ಕಿವಿಯ ಫಲ ಖಚಿತವಾಗುವ ತನಕ, ಕನಿಷ್ಠ ಆರು ತಿಂಗಳು, ಎರಡನೆಯದಕ್ಕೆ ಒಪ್ಪಬೇಡಿ. ಮರ ಹತ್ತುವ ಮಾತನ್ನು ದಿನ ಎಣಿಸಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಕಣ್ಣು ಮುಚ್ಚಿ ನಿಂತಾಗಲೂ, ನಡೆಯುತ್ತ ಥಟ್ಟನೆ ಕತ್ತು ಹೊರಳಿಸಿದಾಗಲೂ ತೂರಾಡದೆ ಇದ್ದೀರೆಂದು ವೈದ್ಯರು ಪರೀಕ್ಷಿಸಿ ಹೇಳಬೇಕು.

ಇದು ತುರ್ತಾಗಿ ಮಾಡಿಸಲೇಬೇಕಾದ ಆಪರೇಷನ್ ಅಲ್ಲ. ಈ ವರ್ಷದ ಅಡಿಕೆ ಕೊಯ್ಲು ಮುಗಿದ ಮೇಲೆ ದಿನ ಗೊತ್ತುಮಾಡಿಸಿ. ಅಲ್ಲಿಯವರೆಗೆ ಶ್ರವಣ ಸಾಧನ ಹಾಕಿಕೊಂಡು ನೋಡಿ. ಅದರಲ್ಲೇ ನಿಮಗೆ ನೆಮ್ಮದಿ ಎನಿಸಿದರೆ ಆಪರೇಷನ್ ಮಾಡಿಸದೆ ಇರುವುದೂ ಸರಿಯಾದ ಆಯ್ಕೆಯೇ.